ಇಪ್ಪತ್ತೇಳು ಕಿಲೋಮೀಟರಿನ ಸಾಕ್ಷಿ

“ಇಪ್ಪತ್ತೇಳು,” ಎಂದ ಆ ಮನೆಯ ಅಳಿಯ, ಊಟದ ಮೇಜಿನ ಮೇಲೆ ಬೆರಳಿನಿಂದಲೇ ಬರೆದು ತೋರಿಸುತ್ತಾ. “ಮೊನ್ನೆ ಬೆಳಿಗ್ಗೆ ಕಾರು ಇನ್ನೂರ ತೊಂಬತ್ತೇಳು ಕಿಲೋಮೀಟರ್ ಓಡ್ತೀನಿ ಅಂತ ತೋರಿಸ್ತಿತ್ತು. ಸಂಜೆ ಇನ್ನೂರ ಎಪ್ಪತ್ತು. ಕಳೀರಿ, ಎಷ್ಟಾಯ್ತು? ಮಾವನ್ನ ರೈಲ್ವೆ ಸ್ಟೇಷನ್ನಿಗೆ ಬಿಟ್ಟು, ಅಲ್ಲಿಂದ ಕೆಲಸಕ್ಕೆ ಹೋಗಿ, ಮನೆಗೆ ಬಂದ್ರೆ ಸರಿಯಾಗಿ ಇಪ್ಪತ್ತೇಳು. ನಾನು ಸುಳ್ಳು ಹೇಳಬಹುದು ಮೇಡಂ, ಕಾರು ಹೇಳುತ್ತಾ?”

ನನ್ನ ಹೆಂಡತಿ ಫೋನಿನಲ್ಲಿದ್ದ ಎರಡು ಫೋಟೋಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದಳು.

ಮೂವತ್ತು ವರ್ಷದಿಂದ ಡ್ರೈವಿಂಗ್ ಶಾಲೆ ನಡೆಸುವವಳು ಅವಳು. ಪಕ್ಕದ ಸೀಟಿನಲ್ಲಿ ಕೂತು “ಕ್ಲಚ್ಚು! ಕ್ಲಚ್ಚು!” ಎಂದು ಕೂಗಿ ಕೂಗಿ ಊರಿಗೆಲ್ಲ ಕ್ಲಚ್ಚಮ್ಮ ಆಗಿದ್ದಾಳೆ. ನಾನು ಅವಳ ಗಂಡ, ದರ್ಜಿ. ಅವಳು ಊರಿನವರ ಕಳವು, ಕಾಣೆಯ ಇಂಥ ಕೇಸು ಹಿಡಿದು ಪತ್ತೆಗೆ ಹೊರಟಾಗಲೆಲ್ಲ ಅಂಗಡಿಯ ಬಾಗಿಲು ಅರ್ಧ ಎಳೆದು ಹಿಂದೆ ಬರುತ್ತೇನೆ. ಜನ ನನ್ನನ್ನು ಬಾಲ ಅಂತಾರೆ. ಅನ್ನಲಿ ಬಿಡಿ, ಬಾಲ ಇಲ್ಲದೆ ಗಾಳಿಪಟವೂ ಹಾರುವುದಿಲ್ಲ.

ಆದರೆ ಈ ಸಲದ್ದು ಬರೀ ಕೇಸಲ್ಲ. ಮಂಗಳವಾರದಿಂದ ಕಾಣೆಯಾಗಿರುವ ಈ ಮನೆಯ ಹಿರಿಯರು, ನಿವೃತ್ತ ಬಸ್ ಡ್ರೈವರ್, ಅವಳ ಗುರುಗಳು. ಹೆಂಗಸರಿಗೆ ಸ್ಟೀರಿಂಗ್ ಕೊಡೋದಾ ಎಂದು ನಾಲ್ಕು ಜನ ನಕ್ಕ ಕಾಲದಲ್ಲಿ, ರಜೆಯ ದಿನ ಡಿಪೋದ ಹಿಂದಿನ ಮೈದಾನದಲ್ಲಿ ಅವಳನ್ನು ಕೂರಿಸಿಕೊಂಡು ಕಲಿಸಿದವರು. ಇವತ್ತು ಗುರುವಾರ. ಬೆಳಿಗ್ಗೆಯಿಂದ ಅವಳ ಗಂಟಲಿಗೆ ನೀರೂ ಇಳಿದಿಲ್ಲ.

“ಮಾತ್ರೆ ಎಷ್ಟು ಒಯ್ದಿದ್ದಾರೆ?” ಎಂದು ಕೇಳಿದಳು.

“ನಾಲ್ಕೇ ನಾಲ್ಕು ಟೀಚರ್,” ಎಂದಳು ಗುರುಗಳ ಮಗಳು. ಕಣ್ಣು ಊದಿಕೊಂಡಿತ್ತು. “ಬೆಳಿಗ್ಗೆ ಒಂದು, ಸಂಜೆ ಒಂದು. ಇವತ್ತು ಬೆಳಿಗ್ಗೆದೇ ಕೊನೇದು. ಸಂಜೆ ಏಳಕ್ಕೆ ನುಂಗೋಕೆ ಅವರ ಹತ್ತಿರ ಏನೂ ಇಲ್ಲ. ಹೃದಯದ ಮಾತ್ರೆ, ಒಂದು ಹೊತ್ತೂ ತಪ್ಪಿಸಬಾರದು ಅಂದಿದ್ದಾರೆ ಡಾಕ್ಟರು. ಫೋನು ನೋಡಿದ್ರೆ ಇಲ್ಲೇ ಬಿಟ್ಟು ಹೋಗಿದ್ದಾರೆ.”

ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು.

“ಪೊಲೀಸರು?”

“ರೈಲು ರೈಲು ಹುಡುಕಿಸ್ತಿದ್ದಾರಂತೆ.”

ಈ ಮಾತಿಗೆ ಅಳಿಯ ತಲೆ ತಗ್ಗಿಸಿದ್ದನ್ನು ನಾನೂ ನೋಡಿದೆ. ಅವಳು ನೋಡಿರದೆ ಇರುತ್ತಾಳೆಯೇ!

ಆ ಫೋಟೋಗಳ ವಿಷಯ ಹೇಳಬೇಕು. ಮಗಳು ಅಳಿಯ ಸೇರಿ ಎಂಟು ತಿಂಗಳ ಹಿಂದೆ ಬ್ಯಾಟರಿಯ ಕಾರು ಕೊಂಡರು. ಅವತ್ತಿನಿಂದ ಈ ಮನೆಯಲ್ಲಿ ಒಂದೇ ಜಗಳ. ಬ್ಯಾಟರಿ ಇನ್ನೆಷ್ಟು ಪರ್ಸೆಂಟ್ ಇದೆ, ಅದರಲ್ಲಿ ಇನ್ನೆಷ್ಟು ದೂರ ಹೋಗಬಹುದು ಎಂದು ಕಾರಿನ ಪರದೆ ತೋರಿಸುತ್ತದಲ್ಲ, ಅದರ ಬಗ್ಗೆ. ಬ್ಯಾಟರಿ ಎಂಬತ್ತಿದ್ದಾಗ ಒಂದು ದಿನ ಮುನ್ನೂರ ಹನ್ನೆರಡು ಕಿಲೋಮೀಟರ್ ಅನ್ನುತ್ತದೆ, ಇನ್ನೊಂದು ದಿನ ಅದೇ ಎಂಬತ್ತಕ್ಕೆ ಇನ್ನೂರ ಅರವತ್ತನಾಲ್ಕು. ನೀನು ಓಡಿಸಿ ಕೆಡಿಸಿದೆ ಅಂತ ಇವಳು, ಕಾರೇ ಸುಳ್ಳುಬುರುಕ ಅಂತ ಅವನು. ಹಾಗಾಗಿ ಮಗಳು ದಿನಾ ಬೆಳಿಗ್ಗೆ, ಸಂಜೆ ಪರದೆಯ ಫೋಟೋ ತೆಗೆದು ಗಂಡನಿಗೆ ಕಳಿಸುತ್ತಾಳೆ. ಕೆಳಗೆ ಒಂದು ಸಾಲು: “ನಿನ್ನ ಕಾಲು ಇವತ್ತು ನಲವತ್ತೆಂಟು ಕಿಲೋಮೀಟರ್ ತಿಂತು.” ಅವನು ಉತ್ತರವಾಗಿ ನಾಲಿಗೆ ಚಾಚಿದ ಮುಖ ಕಳಿಸುತ್ತಾನೆ. ಹೀಗೆ ನಾನೂರಕ್ಕೂ ಹೆಚ್ಚು ಫೋಟೋಗಳಿವೆ. ಕೆಲವರು ಪ್ರೇಮಪತ್ರ ಕೂಡಿಡುತ್ತಾರೆ, ಇವರು ಇದನ್ನು.

“ನಿನ್ನೆ ಬೆಳಿಗ್ಗೆ ನೀನು ಫೋನ್ ಮಾಡಿದಾಗ ನಾನೇನು ಹೇಳಿದ್ದೆ?” ಎಂದು ಕೇಳಿದಳು ನನ್ನ ಹೆಂಡತಿ.

“ಕಾರನ್ನ ಯಾರೂ ಮುಟ್ಟಬೇಡಿ ಅಂದ್ರಿ. ಮುಟ್ಟಿಲ್ಲ ಟೀಚರ್. ಇಬ್ರೂ ಬಸ್ಸಲ್ಲೇ ಓಡಾಡ್ತಿದೀವಿ. ನೋಡೋಕೂ ಮನಸ್ಸಿಲ್ಲ, ಫೋಟೋನೂ ತೆಗೆದಿಲ್ಲ.”

“ಒಳ್ಳೇದಾಯ್ತು. ನೀನು ಡಾಕ್ಟರಿಗೆ ಫೋನ್ ಮಾಡಿ ಕೇಳು. ಒಂದು ಹೊತ್ತು ಮಾತ್ರೆ ತಪ್ಪಿದ್ರೆ ಏನು ಮಾಡ್ಬೇಕು, ಎಷ್ಟು ಗಂಟೆ ಸಮಯ ಇದೆ, ಎಲ್ಲಾ ಬರ್ಕೋ.” ಆಮೇಲೆ ಅಳಿಯನ ಕಡೆ ತಿರುಗಿದಳು. “ನೀನು ಬಾರಯ್ಯ, ನಿನ್ನ ಸುಳ್ಳುಬುರುಕನ್ನ ತೋರಿಸು.”

ನೆಲಮಾಳಿಗೆಯ ಪಾರ್ಕಿಂಗ್ ಬೆಚ್ಚಗಿತ್ತು. ಹೊರಗೆ ಬಿಸಿಲಿರಲಿ ಗಾಳಿಯಿರಲಿ, ಅಲ್ಲಿ ಯಾವತ್ತೂ ಒಂದೇ ಹವೆಯಂತೆ. ಕಾರು ಕಂಬದ ಪಕ್ಕ ಸಾಧುವಾಗಿ ನಿಂತಿತ್ತು. ಕ್ಲಚ್ಚಮ್ಮ ಮೊದಲು ನಾಲ್ಕೂ ಚಕ್ರಗಳ ಗಾಳಿಯನ್ನು ತನ್ನ ಚೀಲದಲ್ಲಿದ್ದ ಮೀಟರಿನಿಂದ ಅಳೆದಳು. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಕಾಲ ಬುಡ ನೋಡಿ, ಕ್ಲಚ್ಚಿಲ್ಲದ್ದಕ್ಕೆ ಎಂದಿನಂತೆ ಒಂದು ನಿಟ್ಟುಸಿರು ಬಿಟ್ಟಳು. ಅಳಿಯ ಪಕ್ಕದಲ್ಲಿ ಕೂತ. ನಾನು ಹಿಂದೆ.

“ಆನ್ ಮಾಡಲಾ ಮೇಡಂ?”

“ಬೇಡ, ಮೊದಲು ಮಾತು ಮುಗೀಲಿ. ನೀನು ಕಿಲೋಮೀಟರ್ ಕಳೆದು ತೋರಿಸ್ದೆ. ಬ್ಯಾಟರಿ ಯಾಕೆ ಕಳೀಲಿಲ್ಲ?”

ಅವನು ಸೀಟ್ ಬೆಲ್ಟನ್ನು ಎಳೆದು ಬಿಟ್ಟ.

“ಬೆಳಿಗ್ಗೆ ತೊಂಬತ್ತು ಪರ್ಸೆಂಟ್, ಸಂಜೆ ಅರವತ್ತು. ಮೂವತ್ತು ಪರ್ಸೆಂಟ್ ಖರ್ಚಾಗಿದೆ ಕಣಯ್ಯಾ. ನಿನ್ನ ಒರಟು ಕಾಲಿಗೂ ಅಷ್ಟರಲ್ಲಿ ನೂರು ಕಿಲೋಮೀಟರ್ ಹೋಗಬಹುದು. ಬರೀ ಇಪ್ಪತ್ತೇಳಕ್ಕೆ ಮೂವತ್ತು ಪರ್ಸೆಂಟ್ ಬೇಕಾಯ್ತು ಅಂದ್ರೆ ಕಾರೇನು ಆನೆ ಕಟ್ಕೊಂಡು ಎಳೀತಿತ್ತಾ?”

“ಆ ನಂಬರ್ರೇ ಹಾಗಲ್ವಾ ಮೇಡಂ. ಏರುತ್ತೆ, ಇಳಿಯುತ್ತೆ. ಅದಕ್ಕೇ ತಾನೇ ನಮ್ಮನೇಲಿ ಜಗಳ.”

“ಯಾಕೆ ಏರುತ್ತೆ, ಯಾಕೆ ಇಳಿಯುತ್ತೆ ಅಂತ ಎಂಟು ತಿಂಗಳಲ್ಲಿ ಒಬ್ಬರಾದ್ರೂ ಯೋಚನೆ ಮಾಡಿದ್ರಾ? ಜಗಳ ಆಡೋಕೆ ಮಾತ್ರ ಪುರಸೊತ್ತು.” ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. “ರೀ, ನೀವೇ ಹೇಳಿ. ನಿಮ್ಮ ಹತ್ತಿರ ಒಂದು ಥಾನು ಬಟ್ಟೆ ಇದೆ. ಇದರಲ್ಲಿ ಎಷ್ಟು ಅಂಗಿ ಆಗುತ್ತೆ ಅಂತ ಯಾರೋ ಕೇಳಿದ್ರೆ ಏನಂತೀರಿ?”

“ಯಾರ ಅಂಗಿ ಅನ್ನೋದರ ಮೇಲೆ ನಿಂತಿದೆ,” ಎಂದೆ.

“ಯಾರದ್ದು ಅಂತ ಹೇಳಲ್ಲ. ಅಂದಾಜು ಹೇಳ್ಲೇಬೇಕು.”

“ಹಾಗಾದ್ರೆ ಈಚೆಗೆ ಬಂದ ಗಿರಾಕಿಗಳ ಅಳತೆ ಹಿಡಿದು ಹೇಳ್ತೀನಿ. ವಾರವಿಡೀ ದಪ್ಪ ಹೊಟ್ಟೆಯವರೇ ಬಂದಿದ್ರೆ ಹತ್ತು ಅಂತೀನಿ, ತೆಳ್ಳಗಿರೋರು ಬಂದಿದ್ರೆ ಹದಿನಾಲ್ಕು. ಬಟ್ಟೆ ಮಾತ್ರ ಅಷ್ಟೇ ಇರುತ್ತೆ.”

“ಕೇಳಿಸ್ಕೊಂಡ್ಯಾ? ಕಾರೂ ದರ್ಜಿ ಥರಾನೇ. ಬ್ಯಾಟರಿ ಅದರ ಬಟ್ಟೆ. ಕಿಲೋಮೀಟರ್ ಅನ್ನೋದು ಬರೀ ಅಂದಾಜು. ಈಚೆಗೆ ಓಡಿಸಿದೋರ ಕಾಲು ನೋಡಿ, ಮುಂದೆನೂ ಹೀಗೇ ಓಡಿಸ್ತಾರೆ ಅಂತ ಹೇಳುತ್ತೆ. ಜೋರಾಗಿ ತುಳಿದು, ಗಕ್ಕಂತ ನಿಲ್ಲಿಸೋನು ಓಡಿಸಿದ್ರೆ ಅಂದಾಜು ಕುಸಿಯುತ್ತೆ. ಮೆತ್ತಗೆ ಓಡಿಸೋರು ಕೂತ್ರೆ ಏರುತ್ತೆ.”

“ಮಂಗಳವಾರ ನಾನು ಎಸಿ ಹಾಕಿರ್ಲಿಲ್ಲ ಮೇಡಂ. ಅದಕ್ಕೇ ಏರಿರಬೇಕು.”

“ಎಸಿ ಆರಿಸಿದ್ರೆ ಸ್ವಲ್ಪ ಏರುತ್ತೆ, ಹೌದು. ಚಳಿಗೆ ಇಳಿಯುತ್ತೆ, ಗಾಳಿ ಕಮ್ಮಿ ಆದ್ರೆ ಇಳಿಯುತ್ತೆ, ಘಟ್ಟ ಹತ್ತಿದ್ರೆ ಇಳಿಯುತ್ತೆ. ಎಲ್ಲಾ ಲೆಕ್ಕ ಹಾಕ್ದೆ. ಗಾಳಿ ಈಗ ತಾನೇ ನೋಡ್ದೆ, ಸರಿಯಾಗಿದೆ. ಸ್ಟೇಷನ್ ದಾರಿ ಅಂಗೈ ಥರ ಸಪಾಟು. ನೀನು ಕಾರು ತಗೊಂಡಾಗಿಂದ ನಿನ್ನ ಕಾಲಿಗೆ ತುಂಬಿದ ಬ್ಯಾಟರಿಯ ಅಂದಾಜು ಮುನ್ನೂರ ಮೂವತ್ತರ ಆಸುಪಾಸು. ನಿನ್ನ ಹೆಂಡತಿಯದು ಮುನ್ನೂರ ತೊಂಬತ್ತು. ಫೋಟೋ ಒಂದೊಂದೂ ನೋಡಿದೀನಿ. ಮಂಗಳವಾರ ಸಂಜೆ ಅರವತ್ತು ಪರ್ಸೆಂಟಿಗೆ ಇನ್ನೂರ ಎಪ್ಪತ್ತು. ಅಂದ್ರೆ ತುಂಬಿದ್ದಕ್ಕೆ ನಾನೂರ ಐವತ್ತು! ಎಸಿ ಆರಿಸಿದ ಮಾತ್ರಕ್ಕೆ ನೂರಿಪ್ಪತ್ತು ಏರುತ್ತಾ?”

ಅವನು ಕಿಟಕಿಯ ಗಾಜು ಇಳಿಸುವ ಗುಂಡಿಯನ್ನು ಒಂದು ಸಲ ಒತ್ತಿದ. ಕಾರು ಆಫ್ ಆಗಿತ್ತು, ಅದು ಇಳಿಯಲಿಲ್ಲ.

ಅವನ ಬಗ್ಗೆ ನನಗೆ ಅಯ್ಯೋ ಅನಿಸಿತು. ಕೆಟ್ಟವನಲ್ಲ. ಲಿಫ್ಟ್ ರಿಪೇರಿ ಮಾಡುವವನು. ಯಾವುದೋ ಕಟ್ಟಡದ ಆರನೇ ಮಹಡಿಯ ನಡುವೆ ಯಾರೋ ಸಿಕ್ಕಿಕೊಂಡು ಬಾಗಿಲು ಬಡಿಯುತ್ತಿರುತ್ತಾರೆ, ಇವನ ಕಾಲು ತಾನಾಗಿಯೇ ಒತ್ತುತ್ತದೆ. ಕ್ಲಚ್ಚಮ್ಮನ ಶಾಲೆಯಲ್ಲಿ ಮೂರು ಸಲ ಫೇಲಾಗಿ ನಾಲ್ಕನೇ ಸಲ ಪಾಸಾದ. ಪರೀಕ್ಷೆಯ ಆ ಮೂರು ದಿನವೂ ಇವನ ಕೈ ಹಿಡಿದು ಹೊರಗಡೆ ಬೆಂಚಿನ ಮೇಲೆ ಕೂತಿದ್ದವರು ಇವನ ಮಾವ.

“ಭಾನುವಾರದ ಫೋಟೋಗಳನ್ನೂ ನೋಡ್ದೆ,” ಎಂದಳು ಅವಳು. ದನಿ ಈಗ ಇಳಿದಿತ್ತು. “ಪ್ರತೀ ಭಾನುವಾರ ಅಂದಾಜು ಇಪ್ಪತ್ತು, ಮೂವತ್ತು ಏರಿದೆ. ವಾರವಿಡೀ ರಾಕ್ಷಸನ ಹಾಗೆ ತುಳಿಯೋ ಕಾಲು ಭಾನುವಾರ ಮಾತ್ರ ಸನ್ಯಾಸ ತಗೊಳ್ಳುತ್ತಾ? ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗ್ತಿದ್ರಿ?”

“ತರಕಾರಿಗೆ.”

“ಯಾರ್ ಯಾರು?”

“ನಾನು ಮತ್ತೆ ಮಾವ.”

“ಓಡಿಸ್ತಿದ್ದಿದ್ದು ಯಾರು?”

ಅವನು ಕೈಯಲ್ಲಿದ್ದ ಕೀಲಿಯನ್ನೇ ತಿರುಗಿಸುತ್ತಾ ಕೂತ. ದೂರದಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದ ಸದ್ದು ಕೇಳಿ ನಿಂತಿತು.

“ನನಗೆ ಆ ಕಾಲು ಗೊತ್ತು ಕಣಯ್ಯಾ,” ಎಂದಳು ಕ್ಲಚ್ಚಮ್ಮ. “ಐವತ್ತು ಜನ ನಿದ್ದೆ ಮಾಡ್ತಿರೋ ಬಸ್ಸನ್ನ ಒಬ್ಬರಿಗೂ ಎಚ್ಚರ ಆಗದ ಹಾಗೆ ನಿಲ್ಲಿಸೋ ಕಾಲು ಅದು. ನನಗೆ ಕಲಿಸೋವಾಗ ಒಂದೇ ಮಾತು ಹೇಳೋರು. ಬ್ರೇಕ್ ಅಂದ್ರೆ…”

“ಬ್ರೇಕ್ ಅಂದ್ರೆ ಕ್ಷಮಾಪಣೆ,” ಎಂದ ಅಳಿಯ, ಅವಳು ಮುಗಿಸುವ ಮೊದಲೇ. “ಮುಂದೆ ಏನಿದೆ ಅಂತ ಮೊದಲೇ ನೋಡಿದ್ರೆ ಕೇಳೋ ಪ್ರಸಂಗ ಬರಲ್ಲ.” ಅಷ್ಟು ಹೇಳಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಆಮೇಲೆ ಎಲ್ಲವೂ ಹೊರಬಿತ್ತು. ಹೋದ ವರ್ಷ ಮಾವ ಹಳೆ ಕಾರನ್ನು ಒಳಗೆ ತರುವಾಗ ಗೇಟಿನ ಕಂಬಕ್ಕೆ ತಾಗಿಸಿದ್ದರು. ಒಂದು ದೀಪ ಒಡೆದಿತ್ತು, ಅಷ್ಟೇ. ಮಗಳು ಹೆದರಿ ಅವರ ಕೀಲಿ ಕಿತ್ತುಕೊಂಡಳು. ಅವರು ಒಂದು ಮಾತೂ ಆಡಲಿಲ್ಲ. ಆದರೆ ಅವತ್ತಿನಿಂದ ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ.

“ಆಮೇಲೆ ಕಣ್ಣಿನ ಆಪರೇಷನ್ ಆಯ್ತು ಮೇಡಂ. ಡಾಕ್ಟರೇ ಓಡಿಸಬಹುದು ಅಂದ್ರು. ಇವಳು ಒಪ್ಪಲಿಲ್ಲ. ಒಂದು ಭಾನುವಾರ ತಿರುವು ದಾಟಿದ ಮೇಲೆ ನಾನೇ ಗಾಡಿ ನಿಲ್ಲಿಸಿ, ಮಾವ ಈ ಕಡೆ ಬನ್ನಿ ಅಂದೆ. ಮಗು ಥರ ನಕ್ಕರು. ನನಗೆ ಅಪ್ಪ ಇಲ್ಲ ಮೇಡಂ. ಆ ನಗು ನೋಡೋಕೆ ಪ್ರತೀ ಭಾನುವಾರ ಬೇಡದ ತರಕಾರಿನೆಲ್ಲ ತಂದಿದೀನಿ.”

ನಾನು ಕಣ್ಣೊರೆಸಿಕೊಂಡೆ. ದರ್ಜಿಯ ಕಣ್ಣಿಗೆ ಸೂಜಿ ಪೋಣಿಸುವಾಗಲೂ ನೀರು ಬರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಬೇಡಿ.

“ಮಂಗಳವಾರ ಏನಾಯ್ತು ಹೇಳು.”

“ಒಂದೇ ಒಂದು ದಿನ ಕಾರು ಕೊಡು, ಒಬ್ಬನೇ ಹೋಗಿ ಬರ್ಬೇಕು ಅಂದ್ರು. ಎಲ್ಲಿಗೆ ಅಂತ ಹೇಳ್ಲಿಲ್ಲ. ನಾನು ಕೀಲಿ ಕೊಟ್ಟು ಬಸ್ಸಲ್ಲಿ ಕೆಲಸಕ್ಕೆ ಹೋದೆ. ಸಂಜೆ ಬಂದ್ರೆ ಕಾರು ಇಲ್ಲೇ ನಿಂತಿದೆ, ಕೀಲಿ ಅದರ ಜಾಗದಲ್ಲಿ. ಸೀಟಿನ ಮೇಲೆ ಈ ಚೀಟಿ.”

ಪರ್ಸಿನಿಂದ ತೆಗೆದು ಕೊಟ್ಟ. ದುಂಡಗಿನ, ಒತ್ತಿ ಬರೆದ ಅಕ್ಷರ. “ಮಾತು ಕೊಟ್ಟ ಹಾಗೆ ಗಾಡಿ ತಂದು ನಿಲ್ಲಿಸಿದ್ದೇನೆ. ಎರಡು ದಿನ ಇರುವುದಿಲ್ಲ. ಗುರುವಾರ ಬೆಳಿಗ್ಗೆ ತಿಂಡಿಗೆ ಬರುತ್ತೇನೆ. ಮಗಳಿಗೆ ರೈಲು ಹತ್ತಿಸಿದೆ ಅನ್ನು. ಮಿಕ್ಕಿದ್ದು ಬಂದು ನಾನೇ ಹೇಳುತ್ತೇನೆ.”

“ತಿಂಡಿಗೆ ಬರ್ಲಿಲ್ಲ,” ಎಂದ ಅಳಿಯ. “ಎಂಟರಿಂದ ಬಾಗಿಲಲ್ಲೇ ನಿಂತಿದ್ದೆ. ಹೇಳಿದ ಹೊತ್ತಿಗೆ ಒಂದು ನಿಮಿಷ ತಡ ಮಾಡೋ ಮನುಷ್ಯ ಅಲ್ಲ ಮೇಡಂ.”

“ಇವತ್ತು ಬೆಳಿಗ್ಗೆನೇ ಬಾಯಿ ಬಿಡೋದು ತಾನೇ? ನಿನ್ನ ಮಾತು ನಂಬಿ ಪೊಲೀಸರು ರೈಲು ರೈಲು ಅಲೀತಿದ್ದಾರೆ!”

“ಹೇಳಿದ್ರೆ ಇವಳು ಇನ್ನು ಯಾವತ್ತೂ ಮಾವನ್ನೂ ನಂಬಲ್ಲ, ನನ್ನನ್ನೂ ನಂಬಲ್ಲ ಅಂತ ಹೆದರ್ಕೊಂಡೆ.”

ಕ್ಲಚ್ಚಮ್ಮ ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. ಅವನ ತಲೆಯ ಮೇಲೊಂದು ಮೊಟಕಿ, ಆ ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟಿದ್ದಳು.

“ರೀ, ಗುರುಗಳ ಕಾಲಿಗೆ ಮೂವತ್ತು ಪರ್ಸೆಂಟ್ ಅಂದ್ರೆ ಎಷ್ಟು ದೂರ?”

“ನೂರ ಮೂವತ್ತೈದು,” ಎಂದೆ. ಬಟ್ಟೆ ಕತ್ತರಿಸುವವನಿಗೆ ಗುಣಾಕಾರ ಬಾಯಲ್ಲೇ ಇರುತ್ತದೆ.

“ಹೋಗೋಕೆ ಬರೋಕೆ ಸೇರಿ. ಅಂದ್ರೆ ಹೋಗೋಕೆ ಅರವತ್ತೇಳು, ಅರವತ್ತೆಂಟು.” ಅವಳ ಮುಖ ಬೆಳಗಿತು. “ಕೆರೆಯ ಆಚೆಯ ಕೊನೇ ಸ್ಟಾಪು! ಗುರುಗಳ ಹಳೇ ರೂಟು ಅದು, ಸರಿಯಾಗಿ ಅಷ್ಟೇ ದೂರ. ಹದಿನೆಂಟು ವರ್ಷ ಸಂಜೆ ಬಸ್ಸನ್ನ ಅಲ್ಲಿಗೆ ಒಯ್ದು, ಅಲ್ಲೇ ನೈಟ್ ಹಾಲ್ಟ್ ಮಾಡಿ, ಬೆಳಿಗ್ಗೆ ವಾಪಸ್ ತರ್ತಿದ್ರು. ಮಂಗಳವಾರ ಕಾರು ತಂದಿಟ್ಟು, ಬಸ್ಸಲ್ಲಿ ಮತ್ತೆ ಅಲ್ಲಿಗೇ ಹೋಗಿರ್ತಾರೆ. ಎರಡೂವರೆ ಗಂಟೆ ಸಾಕು, ಏಳರ ಒಳಗೆ ಮಾತ್ರೆ ಅವರ ಕೈಯಲ್ಲಿರುತ್ತೆ. ಏಳ್ರೀ, ಹೊರಡೋಣ. ಇದೇ ಕಾರಲ್ಲಿ.”

ಕೀಲಿ ತೆಗೆದುಕೊಂಡವಳು ಒಂದು ಗಳಿಗೆ ತಡೆದಳು. “ಓಡಿಸೋಕೆ ಮುಂಚೆ ಒಂದು ಸಲ ಗುರುಗಳ ನಂಬರ್ ಕಣ್ಣಾರೆ ನೋಡ್ಬಿಡ್ತೀನಿ. ನಾನು ತುಳಿದ್ರೆ ಅಳಿಸಿಹೋಗುತ್ತೆ.” ನಾಚಿಕೆಯಿಂದಲೇ ಹೇಳಿದಳು. ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ ನನಗೆ ಅವತ್ತು ಹತ್ತೊಂಬತ್ತರ ಹುಡುಗಿಯಾಗಿ ಕಂಡಳು.

ಕಾರು ಆನ್ ಆಯಿತು. ಪರದೆ ಬೆಳಗಿತು.

ಬ್ಯಾಟರಿ ಅರವತ್ತು ಪರ್ಸೆಂಟ್. ಮಂಗಳವಾರ ಸಂಜೆ ಫೋಟೋದಲ್ಲಿದ್ದಷ್ಟೇ.

ಅದರ ಕೆಳಗೆ, ಇನ್ನೂರ ಮೂವತ್ತನಾಲ್ಕು ಕಿಲೋಮೀಟರ್.

“ಇನ್ನೂರ ಎಪ್ಪತ್ತಲ್ವಾ ಇರ್ಬೇಕಿತ್ತು?” ಎಂದ ಅಳಿಯ. “ನಿಂತಲ್ಲೇ ಮೂವತ್ತಾರು ಹೋಯ್ತಾ? ಚಳಿಗಿರಬಹುದು ಮೇಡಂ.”

“ಈ ನೆಲಮಾಳಿಗೆಯಲ್ಲಿ ಯಾವ ಚಳಿ?”

ನಾನು ಬಾಯಿ ಬಿಡದೆ ಲೆಕ್ಕ ಹಾಕಿದೆ. ಅರವತ್ತಕ್ಕೆ ಇನ್ನೂರ ಮೂವತ್ತನಾಲ್ಕು ಅಂದರೆ ತುಂಬಿದ್ದಕ್ಕೆ ಎಷ್ಟು? ಎರಡನೇ ಸಲ ಹಾಕಿದಾಗಲೂ ಅದೇ ಬಂತು. ಮುನ್ನೂರ ತೊಂಬತ್ತು. ತಲೆಯೆತ್ತಿದರೆ ಕನ್ನಡಿಯಲ್ಲಿ ಅವಳ ಕಣ್ಣು ನನ್ನನ್ನೇ ನೋಡುತ್ತಿತ್ತು. ಅವಳಿಗೂ ಅದೇ ಬಂದಿತ್ತು.

ಯಾರೋ ಕಾರು ಓಡಿಸಿದ್ದಾರೆ. ಆಮೇಲೆ ಯಾರಿಗೂ ತಿಳಿಯಬಾರದೆಂದು ಪ್ಲಗ್ಗಿಗೆ ಹಾಕಿ, ಬ್ಯಾಟರಿಯನ್ನು ಸರಿಯಾಗಿ ಅರವತ್ತಕ್ಕೇ ತಂದು ನಿಲ್ಲಿಸಿದ್ದಾರೆ. ಚಾರ್ಜನ್ನು ತುಂಬಿಸಬಹುದು. ಓಡಿಸಿದ ಕಾಲಿನ ಗುರುತನ್ನು ಅಳಿಸಲು ಬರುವುದಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ.

ಮೆಟ್ಟಿಲ ಕಡೆಯಿಂದ ಚಪ್ಪಲಿಯ ಸದ್ದಾಯಿತು. ಮಗಳು ಫೋನು ಹಿಡಿದು ಬೇಗ ಬೇಗ ಬರುತ್ತಿದ್ದಳು. “ಟೀಚರ್, ಡಾಕ್ಟರ್ ಹೇಳಿದ್ರು, ರಾತ್ರಿ ಎಂಟರ ಒಳಗೆ ಹೇಗಾದ್ರೂ…” ಎಂದವಳು, ಬೆಳಗುತ್ತಿದ್ದ ಪರದೆಯನ್ನು ನೋಡಿ ನಿಂತುಬಿಟ್ಟಳು.

ಕ್ಲಚ್ಚಮ್ಮ ಬಾಗಿಲು ತೆರೆದು ಇಳಿದು ಅವಳ ಎದುರು ನಿಂತಳು. ಗದರಲಿಲ್ಲ. “ಈ ಕಾಲಿಗೆ ಪಾಠ ಹೇಳಿದೋಳು ನಾನೇ ಅಲ್ವೇನೇ,” ಎಂದಳು. “ನಿನ್ನೆ ಎಲ್ಲಿಗೆ ಹೋಗಿದ್ದೆ?”

ಅಳಿಯ ಕಾರಿನಿಂದ ಇಳಿದು ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಅವಳು ಅವನನ್ನು ನೋಡಲಿಲ್ಲ.

“ನಿಮಗೆ ಫೋನ್ ಮಾಡಿದ ಮೇಲೆ, ಅಪ್ಪನ ಬಸ್ಸಲ್ಲಿದ್ದ ಹಳೇ ಕಂಡಕ್ಟರು ಸಿಕ್ಕಿದ್ರು ಟೀಚರ್. ಕೊನೇ ಸ್ಟಾಪಲ್ಲಿ ನೋಡಮ್ಮ ಅಂದ್ರು. ಮಾತ್ರೆ ತಗೊಂಡು ಹೋದೆ. ಯಾರಿಗೂ ಹೇಳ್ಲಿಲ್ಲ.”

“ಸಿಕ್ಕಿದ್ರಾ?”

“ಹ್ಞೂಂ. ಕೆರೆ ಪಕ್ಕ ಒಂದು ಮನೆ. ಜಗಲಿ ಮೇಲೆ ಕೂತಿದ್ರು. ಚೆನ್ನಾಗಿದ್ರು. ನಗ್ತಾ ಇದ್ರು.”

“ಮಾತ್ರೆ ಕೊಟ್ಯಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಅಷ್ಟು ದೂರ ಹೋಗಿ ಅಪ್ಪನ ಕೈಗೆ ಮಾತ್ರೆ ಕೊಡದೆ ಬಂದ್ಯಾ? ಯಾಕೆ?”

“ಗೇಟು ತೆಗೀಬೇಕು ಅಂತ ಕೈ ಇಟ್ಟೆ ಟೀಚರ್,” ಎಂದಳು. “ಅಷ್ಟರಲ್ಲಿ ಒಳಗಿಂದ ಒಬ್ಬಳು ಬಂದ್ಲು. ನನ್ನದೇ ವಯಸ್ಸು, ನನ್ನದೇ ಮೂಗು. ಅವರ ಭುಜ ಮುಟ್ಟಿ, ‘ಅಪ್ಪ, ಊಟಕ್ಕೆ ಏಳಿ’ ಅಂದ್ಲು.”